ಏಳನೇ ಪಂದ್ಯದ ಮರುದಿನ: ನನ್ನ ಬೇಸ್‌ಬಾಲ್ ಸಿಮ್ಯುಲೇಷನ್‌ನ ಪ್ಲೇಆಫ್ ಮ್ಯಾನೇಜರ್

ಈ ವಾರವಿಡೀ ಕಂಪ್ಯೂಟರ್ ಮ್ಯಾನೇಜರ್ ಹಿಂದೆಯೇ ಬಿದ್ದಿದ್ದೆ. ಯಾವಾಗ ಯಾವ ಪಿಚರ್ (ಚೆಂಡು ಎಸೆಯುವವ) ಬರಬೇಕು ಅಂತ ನಿರ್ಧರಿಸುವ ಕೋಡ್ ಅದು. ಸೀಸನ್‌ನ 162 ಪಂದ್ಯಗಳನ್ನು ಅದು ಚೆನ್ನಾಗಿಯೇ ನಡೆಸುತ್ತದೆ. ಸೀಸನ್ ಮುಗಿದ ಮೇಲಿನ ನಾಕೌಟ್ ಹಂತ, ಅಂದರೆ ಪ್ಲೇಆಫ್, ಬಂದರೆ ಮಾತ್ರ ತಪ್ಪುತ್ತದೆ.

ಲಾಗ್‌ನಲ್ಲಿ ಸಿಕ್ಕಿದ್ದು ಇದು. ವರ್ಲ್ಡ್ ಸೀರೀಸ್‌ನ (ಮೊದಲು ನಾಲ್ಕು ಪಂದ್ಯ ಗೆದ್ದವರು ಚಾಂಪಿಯನ್ ಆಗುವ ಫೈನಲ್ ಸರಣಿ) 7ನೇ, ಅಂದರೆ ಕೊನೆಯ ಪಂದ್ಯ, ಒಂಬತ್ತರಲ್ಲಿ 8ನೇ ಇನ್ನಿಂಗ್ಸ್, ಒಂದೇ ರನ್ ಮುನ್ನಡೆ, ಎದುರಾಳಿಯ ಇಬ್ಬರು ಬೇಸ್ ಮೇಲಿದ್ದಾರೆ. ತಂಡದ ಅತಿ ಒಳ್ಳೆಯ ರಿಲೀವರ್ (ಪಂದ್ಯದ ನಡುವೆ ಬದಲಿಯಾಗಿ ಬರುವ ಪಿಚರ್) ಬುಲ್‌ಪೆನ್‌ನಲ್ಲಿ, ಅಂದರೆ ರಿಲೀವರ್‌ಗಳು ಕಾಯುವ ಜಾಗದಲ್ಲಿ, ಸುಮ್ನೆ ಕೂತಿದ್ದಾನೆ. ಕಂಪ್ಯೂಟರ್ ಕರೆದದ್ದು ಪಟ್ಟಿಯ ನಾಲ್ಕನೆಯವನನ್ನು. ಕಾರಣ: 'ನಿನ್ನೆ 22 ಪಿಚ್ (ಎಸೆತ), ವಿಶ್ರಾಂತಿ ಬೇಕು.' ಯಾವುದಕ್ಕೆ ವಿಶ್ರಾಂತಿ? ಮರುದಿನ ಪಂದ್ಯವೇ ಇಲ್ಲವಲ್ಲ.

ಮೊದಲು ಸುಲಭದ ದಾರಿ ಹಿಡಿದೆ. ಕೊನೆಯ ಪಂದ್ಯದಲ್ಲಿ ಆಯಾಸದ ಅಂಕವನ್ನು ಸೊನ್ನೆ ಮಾಡಿಬಿಟ್ಟೆ. ಆಗ ಎರಡು ದಿನದ ಹಿಂದೆ ಪೂರ್ತಿ ಪಂದ್ಯ ಎಸೆದವನೂ ದಣಿವೇ ಇಲ್ಲದವನ ಹಾಗೆ ಎಸೆಯತೊಡಗಿದ. ಇದೂ ತಪ್ಪೇ. ನನ್ನ ಕೋಡ್‌ನಲ್ಲಿ ಎರಡು ಬೇರೆ ಬೇರೆ ವಿಷಯ ಒಂದೇ ಅಂಕದಲ್ಲಿ ಕಲಸಿಹೋಗಿದ್ದವು. ದಣಿದವನು ಇವತ್ತು ಎಷ್ಟು ಕೆಟ್ಟದಾಗಿ ಎಸೆಯುತ್ತಾನೆ ಅನ್ನುವುದು ಒಂದು. ಅದು ಯಾವ ಪಂದ್ಯದಲ್ಲೂ ಬದಲಾಗದು. ಇವತ್ತು ಬಳಸಿದರೆ ಮುಂದೆ ಎಷ್ಟು ನಷ್ಟ ಅನ್ನುವುದು ಇನ್ನೊಂದು. ಇದಕ್ಕೆ 'ನಾಳೆಯ ಬೆಲೆ' ಅಂತ ಹೆಸರಿಟ್ಟು ಬೇರೆ ಮಾಡಿದೆ. ಸೀಸನ್‌ನಲ್ಲಿ ಅದು ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಸೋತರೆ ಹೊರಬೀಳುವ ಪಂದ್ಯದಲ್ಲಿ, ಗೆದ್ದರೆ ಮಾತ್ರ ನಾಳೆ ಇರುತ್ತದೆ. ಹಾಗಾಗಿ ಗೆಲ್ಲುವ ಸಾಧ್ಯತೆಯಿಂದ ಅದನ್ನು ಗುಣಿಸುತ್ತೇನೆ. ವರ್ಲ್ಡ್ ಸೀರೀಸ್‌ನ 7ನೇ ಪಂದ್ಯದಲ್ಲಿ ನೇರವಾಗಿ ಸೊನ್ನೆ.

ಪರೀಕ್ಷೆಗೆ ನಿಜವಾಗಿ ನಡೆದ ಪಂದ್ಯಗಳನ್ನೇ ತೆಗೆದುಕೊಂಡೆ. 2014ರ ವರ್ಲ್ಡ್ ಸೀರೀಸ್‌ನಲ್ಲಿ ಪಿಚರ್ ಮ್ಯಾಡಿಸನ್ ಬಮ್‌ಗಾರ್ನರ್ 5ನೇ ಪಂದ್ಯದಲ್ಲಿ 117 ಪಿಚ್ ಎಸೆದು, ಎರಡೇ ದಿನ ವಿಶ್ರಾಂತಿ ಪಡೆದು, 7ನೇ ಪಂದ್ಯದ ಕೊನೆಯ ಐದು ಇನ್ನಿಂಗ್ಸ್ ಎಸೆದರು. 68 ಪಿಚ್, ಒಂದೂ ರನ್ ಕೊಡಲಿಲ್ಲ. ಹಳೆಯ ಕೋಡ್ ಅವರ ಹೆಸರನ್ನು ಪಟ್ಟಿಗೇ ಸೇರಿಸುತ್ತಿರಲಿಲ್ಲ. ಹೊಸದು ಆಯಾಸವನ್ನು ಕಳೆದ ಮೇಲೂ ಅವರನ್ನೇ ಮೇಲಿಡುತ್ತದೆ. ಅದನ್ನು ನೋಡಿ ನಿಜಕ್ಕೂ ಖುಷಿಯಾಯಿತು.

ಎರಡನೆಯದು 2016ರ ಅಮೆರಿಕನ್ ಲೀಗ್ ವೈಲ್ಡ್ ಕಾರ್ಡ್ ಪಂದ್ಯ, ಸೋತವರು ಅಲ್ಲೇ ಹೊರಬೀಳುವ ಪ್ಲೇಆಫ್ ಪಂದ್ಯ. ಟೊರೊಂಟೊದಲ್ಲಿ 2-2 ಸಮ. ಓರಿಯೋಲ್ಸ್ ತಂಡದ ಜ್ಯಾಕ್ ಬ್ರಿಟನ್ ಆ ಸೀಸನ್‌ನಲ್ಲಿ 47 ಸೇವ್ (ಕೊನೆಯಲ್ಲಿ ಬಂದು ಸಣ್ಣ ಮುನ್ನಡೆ ಕಾಯುವ) ಅವಕಾಶಗಳಲ್ಲಿ 47ನ್ನೂ ಉಳಿಸಿದ್ದವರು. ಮುನ್ನಡೆ ಬಂದಾಗ ಬೇಕು ಅಂತ ಅವರನ್ನು ಕಾದಿರಿಸಲಾಯಿತು. ಮುನ್ನಡೆ ಬರಲೇ ಇಲ್ಲ. 11ನೇ ಇನ್ನಿಂಗ್ಸ್‌ನಲ್ಲಿ ಟೊರೊಂಟೊದ ಎಡ್ವಿನ್ ಎನ್ಕಾರ್ನಾಸಿಯಾನ್ ಹೊಡೆದ ಮೂರು ರನ್‌ನ ಹೋಮ್ ರನ್ ಪಂದ್ಯ ಮುಗಿಸಿತು. ನನ್ನ ಕೋಡ್‌ನಲ್ಲೂ ಅದೇ ನಿಯಮ ಇತ್ತು: ಮುನ್ನಡೆ ಇದ್ದರೆ ಮಾತ್ರ ಕ್ಲೋಸರ್ (ಪಂದ್ಯ ಮುಗಿಸಲು ಬರುವ ರಿಲೀವರ್). ಪ್ಲೇಆಫ್‌ಗೆ ಅದನ್ನು ಕಿತ್ತುಹಾಕಿದೆ. ಎದುರಾಳಿಯ ಮೈದಾನದಲ್ಲಿ 9ನೇ ಇನ್ನಿಂಗ್ಸ್ ಸಮದಲ್ಲಿದ್ದರೆ, ಒಂದು ರನ್ ಕೊಟ್ಟರೂ ಕಥೆ ಮುಗಿಯಿತು. ಒಳ್ಳೆಯವನನ್ನು ಕರೆಯಲು ಅದಕ್ಕಿಂತ ಒಳ್ಳೆಯ ಹೊತ್ತು ಯಾವುದಿದೆ, ಅಲ್ವಾ?

ಆದರೆ ಇಷ್ಟು ಮಾಡಿದ ಮೇಲೆ ಕಂಪ್ಯೂಟರ್‌ಗೆ ಆತುರ ಜಾಸ್ತಿಯಾಯಿತು. ಚೆನ್ನಾಗಿ ಎಸೆಯುತ್ತಿದ್ದ ಸ್ಟಾರ್ಟರ್‌ನನ್ನು (ಪಂದ್ಯ ಆರಂಭಿಸಿದ ಪಿಚರ್) 4ನೇ ಇನ್ನಿಂಗ್ಸ್‌ಗೇ ಹೊರಗೆ ಕರೆಯುತ್ತಿತ್ತು. ಒಬ್ಬನೇ ಪಿಚರ್‌ನನ್ನು ಬ್ಯಾಟರ್‌ಗಳು ಮೂರನೇ ಸಲ ಎದುರಿಸುವಾಗ ಚೆನ್ನಾಗಿ ಹೊಡೆಯುತ್ತಾರೆ ಅನ್ನುವುದು ಗೊತ್ತಿರುವ ಮಾತೇ. ಅದನ್ನೊಂದನ್ನೇ ನಂಬಿದರೆ ಹೀಗಾಗುತ್ತದೆ. 2020ರ ವರ್ಲ್ಡ್ ಸೀರೀಸ್‌ನ 6ನೇ ಪಂದ್ಯದಲ್ಲಿ ರೇಸ್ ತಂಡದ ಸ್ಟಾರ್ಟರ್ ಬ್ಲೇಕ್ ಸ್ನೆಲ್ 73 ಪಿಚ್‌ಗೆ ಒಂಬತ್ತು ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿ 1-0 ಮುನ್ನಡೆಯಲ್ಲಿದ್ದಾಗ ಅವರನ್ನು ಹೊರಗೆ ಕರೆದರು. ಅವರ ಬದಲು ಬಂದ ನಿಕ್ ಆ್ಯಂಡರ್ಸನ್ ಅದಕ್ಕೂ ಮುಂಚಿನ ಪಂದ್ಯಗಳಲ್ಲೇ ಸತತವಾಗಿ ರನ್ ಕೊಟ್ಟಿದ್ದರು. ರೇಸ್ ತಂಡ 3-1ರಲ್ಲಿ ಸೋತಿತು. ಈಗ ನನ್ನ ಮ್ಯಾನೇಜರ್ ಸ್ಟಾರ್ಟರ್‌ನನ್ನು ಹೋಲಿಸುವುದು ರಿಲೀವರ್‌ನ ಸೀಸನ್ ಸರಾಸರಿಗಲ್ಲ, ಅವನ ಇವತ್ತಿನ ಸ್ಥಿತಿಗೆ.

ಹೆಚ್ಚುವರಿ ಇನ್ನಿಂಗ್ಸ್‌ಗೆ ಇಬ್ಬರು ಪಿಚರ್‌ಗಳನ್ನು ಮೀಸಲಿಡುವ ಸಾಲನ್ನೂ ಸೇರಿಸಿದೆ. ಪ್ಲೇಆಫ್‌ನಲ್ಲಿ ಎರಡನೇ ಬೇಸ್ ಮೇಲೆ ರನ್ನರ್ ಇಟ್ಟು ಶುರು ಮಾಡುವ ನಿಯಮ ಇಲ್ಲ, ಪಂದ್ಯ ಎಷ್ಟಾದರೂ ಎಳೆಯಬಹುದು.

ಬಗೆಹರಿಯದೆ ಉಳಿದದ್ದು ಒಂದು. ತಂಡ 3-2ರಲ್ಲಿ ಮುಂದಿದೆ, 6ನೇ ಪಂದ್ಯದ 9ನೇ ಇನ್ನಿಂಗ್ಸ್. 7ನೇ ಪಂದ್ಯ ಆರಂಭಿಸಬೇಕಾದ ಏಸ್ (ತಂಡದ ಅತ್ಯುತ್ತಮ) ಪಿಚರ್‌ನನ್ನು ಮೂರು ಔಟ್‌ಗಾಗಿ ಕರೆಯಬೇಕೇ? ಕೋಡ್ 'ಹೌದು' ಅನ್ನುತ್ತಿದೆ. ನನಗಿನ್ನೂ ನಂಬಿಕೆ ಬಂದಿಲ್ಲ. ಇವತ್ತು ರಾತ್ರಿ ಇದೊಂದೇ ಸನ್ನಿವೇಶವನ್ನು ಹತ್ತು ಸಾವಿರ ಸಲ ಓಡಿಸಲು ಬಿಟ್ಟು ಮಲಗುತ್ತೇನೆ.