ನೀಲಿ ಮುಚ್ಚಳದ ಕಡೆ

ಬ್ರೆಮೆನ್ ರೈಲು ನಿಲ್ದಾಣದಿಂದ ಹೊರಬಂದಾಗ ಸೋನೆ ಮಳೆ. ಕೊಡೆ ಬಿಚ್ಚಿದರೆ ಗಾಳಿ ಅದನ್ನು ತಿರುಗಿಸಿ ಹಾಕುತ್ತದೆ, ಬಿಚ್ಚದಿದ್ದರೆ ಕನ್ನಡಕ ಒದ್ದೆ. 6ನೇ ನಂಬರಿನ ಟ್ರಾಮ್ ಹತ್ತಿ ವಿಶ್ವವಿದ್ಯಾಲಯದ ಕಡೆ ಹೊರಟೆ. ನಾನು ಜರ್ಮನಿಗೆ ಬಂದದ್ದು ಊರು ನೋಡಲು ಅಲ್ಲ, ಕೆಸರು ನೋಡಲು. ಹೊರಡುವ ಹಿಂದಿನ ದಿನ ಅಮ್ಮ ಫೋನಿನಲ್ಲಿ ಕೇಳಿದ್ದಳು, ‘ಮಣ್ಣು ತರೋಕೆ ಅಷ್ಟು ದೂರ ಹೋಗ್ಬೇಕೇನೇ?’

ಹೋಗಬೇಕು. ಆ ಮಣ್ಣಿನ ಮೂಲ ಬ್ರೆಮೆನ್ ಅಲ್ಲ. ಆಫ್ರಿಕಾದ ನಮೀಬಿಯಾದ ಪಶ್ಚಿಮಕ್ಕೆ, ಅಟ್ಲಾಂಟಿಕ್ ತಳದಲ್ಲಿ ವಾಲ್ವಿಸ್ ರಿಡ್ಜ್ ಎಂಬ ಮುಳುಗಿದ ಬೆಟ್ಟಸಾಲಿದೆ. 2003ರಲ್ಲಿ ‘ಜಾಯ್ಡೆಸ್ ರೆಸಲ್ಯೂಷನ್’ ಎಂಬ ಹಡಗು ಅಲ್ಲಿಗೆ ಹೋಗಿ ಆರು ಕಡೆ ಕೊರೆಯಿತು. ಬೆಟ್ಟದ ಇಳಿಜಾರಿನುದ್ದಕ್ಕೂ, ಸುಮಾರು ಎರಡೂವರೆ ಕಿಲೋಮೀಟರ್ ಆಳದಿಂದ ಐದು ಕಿಲೋಮೀಟರ್ ಹತ್ತಿರದವರೆಗೆ. ಮೇಲಕ್ಕೆ ಬಂದ ಉದ್ದನೆಯ ಮಣ್ಣಿನ ಕಂಬಗಳಿಗೆ ನಾವು ಕೋರ್ ಎನ್ನುತ್ತೇವೆ. ಅವನ್ನು ಒಂದೂವರೆ ಮೀಟರಿನ ತುಂಡುಗಳಾಗಿ ಕತ್ತರಿಸಿ, ಉದ್ದಕ್ಕೆ ಎರಡು ಸೀಳು ಮಾಡಿ ಇಲ್ಲಿ ತಂದಿಟ್ಟಿದ್ದಾರೆ.

ಸಾಗರ ಕೊರೆಯುವ ಅಂತಾರಾಷ್ಟ್ರೀಯ ಯೋಜನೆಯ ಇಂಥ ಗೋದಾಮುಗಳು ಒಟ್ಟು ಮೂರು. ಅಟ್ಲಾಂಟಿಕ್ ಕೋರ್‌ಗಳು ಬ್ರೆಮೆನ್‌ನಲ್ಲಿ. ಇನ್ನೊಂದು ಗೋದಾಮು ಅಮೆರಿಕದ ಟೆಕ್ಸಸ್‌ನಲ್ಲಿ. ಹಿಂದೂ ಮಹಾಸಾಗರದವು ಹೆಚ್ಚಿನವು ಕೊಚ್ಚಿಯಲ್ಲಿ. ಖುಷಿಪಡಬೇಡಿ, ಕೇರಳದ ಕೊಚ್ಚಿ ಅಲ್ಲ, ಜಪಾನಿನ ಕೊಚ್ಚಿ. ಇದನ್ನು ಮೊದಲ ಸಲ ಕೇಳಿದಾಗ ನಾನೂ ಮೋಸ ಹೋಗಿದ್ದೆ.

ಗೋದಾಮಿನ ಬಾಗಿಲು ತೆರೆದರೆ 4 ಡಿಗ್ರಿ ಚಳಿ. ಮಣ್ಣು ಒಣಗಬಾರದು, ಬೂಷ್ಟು ಹಿಡಿಯಬಾರದು, ಅದಕ್ಕೆ ಇಡೀ ಹಾಲ್ ಒಂದು ದೊಡ್ಡ ಫ್ರಿಜ್ಜು. ಸೂರಿನವರೆಗೆ ಕಪಾಟುಗಳು. ಪ್ರತಿ ಖಾನೆಯಲ್ಲೂ ಪ್ಲಾಸ್ಟಿಕ್ ಕೊಳವೆಗಳು, ತುದಿಯಲ್ಲಿ ನಂಬರು. ಒಂದರ ಹಿಂದೆ ಒಂದು ಜೋಡಿಸಿದರೆ 150 ಕಿಲೋಮೀಟರಿಗೂ ಜಾಸ್ತಿ. ನನ್ನ ಕೆಲಸಕ್ಕೆ ಬೇಕಾದದ್ದು ಅದರಲ್ಲಿ ಹೆಚ್ಚೆಂದರೆ ಮೂರು ಮೀಟರು! ಆ ಮೂರು ಮೀಟರಿಗೆ ಅನುಮತಿ ಸಿಗಲು ತಿಂಗಳುಗಳೇ ಹಿಡಿದಿದ್ದವು. ಪೋಸ್ಟ್‌ಡಾಕ್ ಎಂದರೆ ಪಿಎಚ್‌ಡಿ ಮುಗಿದ ಮೇಲಿನ ಸಂಶೋಧನೆ, ನನ್ನದು ಎರಡು ವರ್ಷದ ಕೆಲಸ. ಅರ್ಜಿಗೆ ಕಾಯುವುದೂ ಆ ಎರಡು ವರ್ಷದ ಲೆಕ್ಕಕ್ಕೇ ಬರುತ್ತದೆ, ಅದೇ ಸಂಕಟ.

ಅನುಮತಿಗೆ ಅಷ್ಟು ಬಿಗಿ ಯಾಕೆಂದರೆ ನಾನು ಕೇಳಿದ್ದು 5.6 ಕೋಟಿ ವರ್ಷದ ಹಿಂದಿನ ತುಂಡು. ಆಗ ಗಾಳಿಗೆ ಮತ್ತು ಕಡಲಿಗೆ ಭಾರೀ ಪ್ರಮಾಣದಲ್ಲಿ ಇಂಗಾಲ ಸೇರಿತು. ಕೆಲವು ಸಾವಿರ ವರ್ಷಗಳಲ್ಲಿ ಭೂಮಿ ಐದಾರು ಡಿಗ್ರಿ ಬಿಸಿಯಾಯಿತು. ಮತ್ತೆ ತಣ್ಣಗಾಗಲು ಲಕ್ಷ ವರ್ಷಕ್ಕೂ ಹೆಚ್ಚು ಬೇಕಾಯಿತು. ಇಂಥ ಪದರವನ್ನು ಎಲ್ಲರೂ ಕೇಳುತ್ತಾರೆ, ಎಲ್ಲರಿಗೂ ಕೊಟ್ಟರೆ ಮಣ್ಣೇ ಉಳಿಯುವುದಿಲ್ಲ. ಅದಕ್ಕೇ ಸೀಳಿದ ಎರಡು ಭಾಗದಲ್ಲಿ ಒಂದನ್ನು ಮುಟ್ಟುವ ಹಾಗೇ ಇಲ್ಲ. ಅದು ಮುಂದೆ ಬರುವವರಿಗೆ, ನಮಗೆ ಗೊತ್ತಿಲ್ಲದ ಯಂತ್ರಗಳಿಗೆ. ಕೆರೆಯುವುದೆಲ್ಲ ಇನ್ನೊಂದು ಭಾಗದಲ್ಲಿ.

ಮೊದಲ ದಿನ ಬೆಳಗ್ಗೆ ನನ್ನ ಕೋರ್ ಮೇಜಿನ ಮೇಲೆ ಬಂತು. ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆದೆ. ಎಷ್ಟು ಸಲ ಫೋಟೋದಲ್ಲಿ ನೋಡಿದ್ದರೂ ಎದುರಿಗೆ ಕಂಡಾಗ ಸುಮ್ನೆ ನಿಂತುಬಿಟ್ಟೆ. ಒಂದು ಕಡೆ ಸುಣ್ಣದ ಹಾಗೆ ತಿಳಿ ಬಣ್ಣ. ಅಲ್ಲಿಂದ ಗೆರೆ ಕೊರೆದ ಹಾಗೆ ಕೆಂಗಂದು ಜೇಡಿ. ಆಮೇಲೆ ಆ ಕಂದು ನಿಧಾನಕ್ಕೆ, ಬಹಳ ನಿಧಾನಕ್ಕೆ ಮತ್ತೆ ತಿಳಿಯಾಗುತ್ತದೆ. ಭೂಮಿ ಬಿಸಿಯೊಳಗೆ ಹೋದದ್ದು ಒಂದೇ ಏಟಿಗೆ, ಹೊರಬಂದದ್ದು ತೆವಳಿಕೊಂಡು. ಬರಿಗಣ್ಣಿಗೇ ಕಾಣುತ್ತದೆ.

ಟೇಪು ಹಾಸಿದೆ. ಎಲ್ಲೆಲ್ಲಿ ಮಾದರಿ ಬೇಕೋ ಅಲ್ಲಲ್ಲಿ ಹಲ್ಲುಕಡ್ಡಿಗೆ ಚೀಟಿ ಅಂಟಿಸಿ ಚುಚ್ಚಿದೆ, ಇಪ್ಪತ್ತಕ್ಕೂ ಹೆಚ್ಚು. ಮೂರು ಮಾದರಿ ಚಮಚದಲ್ಲಿ ತೆಗೆದು ಚೀಲಕ್ಕೂ ಹಾಕಿದೆ. ಅಷ್ಟರಲ್ಲಿ ಗೋದಾಮಿನ ಸಿಬ್ಬಂದಿಯೊಬ್ಬರು ಆ ದಾರಿಯಲ್ಲಿ ಹಾದುಹೋದರು. ನಿಂತರು. ಕೋರಿನ ತುದಿಯನ್ನು ಬೆರಳಿನಿಂದ ತಟ್ಟಿ, ‘ನೀಲಿ ಎಲ್ಲಿದೆ ನೋಡಿದ್ರಾ?’ ಎಂದರು.

ಪ್ರತಿ ತುಂಡಿನ ಎರಡು ತುದಿಗೂ ಮುಚ್ಚಳ ಇರುತ್ತದೆ. ಮೇಲಿನ ತುದಿಗೆ ನೀಲಿ, ಕೆಳಗಿನ ತುದಿಗೆ ಬಣ್ಣವಿಲ್ಲದ್ದು. ಇದು ಈ ಕಸುಬಿನ ಅ ಆ ಇ ಈ. ನಾನು ಟೇಪನ್ನು ಬಣ್ಣವಿಲ್ಲದ ಕಡೆಯಿಂದ ಹಾಸಿದ್ದೆ! ಅಂದರೆ ನನ್ನ ಲೆಕ್ಕದಲ್ಲಿ ಭೂಮಿ ನಿಧಾನಕ್ಕೆ ಬಿಸಿಯಾಗಿ ಪಟ್ಟನೆ ತಣ್ಣಗಾಗುತ್ತಿತ್ತು. ಪಿಎಚ್‌ಡಿ ಮುಗಿಸಿ ಬಂದವಳ ಕಥೆ ಇದು. ತುಂಡು ಸರಿಯಾಗಿ 150 ಸೆಂಟಿಮೀಟರ್ ಇದ್ದದ್ದೇ ಪುಣ್ಯ. ಮೂರೂ ಚೀಲಗಳ ಅಂಕಿಯನ್ನು 150ರಿಂದ ಕಳೆದು ಹೊಸ ಚೀಟಿ ಬರೆದೆ. ಕಡ್ಡಿಗಳನ್ನೆಲ್ಲ ಕಿತ್ತು ಮೊದಲಿನಿಂದ ಚುಚ್ಚಿದೆ. ಅವರು ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

ಮಧ್ಯಾಹ್ನ ಒಂದು ಚಿಕ್ಕ ಪರೀಕ್ಷೆ ಮಾಡಿದೆ. ಸಂಶೋಧನೆಗೆ ಬೇಕಿರಲಿಲ್ಲ, ನನ್ನ ಆಸೆಗೆ. ಚಮಚಕ್ಕೆ ಅಂಟಿದ ತಿಳಿ ಮಣ್ಣನ್ನು ಗಾಜಿನ ಮೇಲೆ ಸವರಿ, ಒಂದು ತೊಟ್ಟು ತೆಳು ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟೆ. ಬುಸ್ಸೆಂದು ನೊರೆ ಬಂತು. ಅದರಲ್ಲಿ ಇರುವುದೆಲ್ಲ ಕಡಲ ಸೂಕ್ಷ್ಮಜೀವಿಗಳ ಚಿಪ್ಪು, ಅಂದರೆ ಸುಣ್ಣ. ಪಕ್ಕದಲ್ಲಿ ಕಂದು ಜೇಡಿ ಸವರಿ ಅದರ ಮೇಲೂ ಒಂದು ತೊಟ್ಟು. ಬಗ್ಗಿ ಕಿವಿಗೊಟ್ಟೆ. ಏನೂ ಇಲ್ಲ. ತೊಟ್ಟು ಸುಮ್ಮನೆ ಕೂತಿತ್ತು.

ಆ ಮೌನವೇ ಈ ಪದರದ ಸುದ್ದಿ. ಇಂಗಾಲ ಸೇರಿದ ಕಡಲು ಹುಳಿಯಾಗುತ್ತದೆ. ಹುಳಿ ನೀರಿನಲ್ಲಿ ಚಿಪ್ಪು ಕರಗುತ್ತದೆ. ಕಡಲಿನಲ್ಲಿ ಯಾವಾಗಲೂ ಒಂದು ಆಳದ ಗೆರೆ ಇರುತ್ತದೆ, ಅದರ ಕೆಳಗೆ ಬಿದ್ದ ಸುಣ್ಣವೆಲ್ಲ ಕರಗಿಹೋಗುತ್ತದೆ. ಆಗ ಈ ಭಾಗದಲ್ಲಿ ಆ ಗೆರೆ ಎರಡು ಕಿಲೋಮೀಟರಿಗೂ ಹೆಚ್ಚು ಮೇಲಕ್ಕೆ ಬಂತು. ಬೆಟ್ಟದ ಇಳಿಜಾರಿನಲ್ಲಿ ಆರು ಕಡೆ ಕೊರೆದದ್ದು ಇದನ್ನು ಹಿಡಿಯಲೆಂದೇ. ಬಾವಿಯ ಗೋಡೆಯ ಕಲೆ ನೋಡಿ ನೀರು ಎಲ್ಲಿಯವರೆಗೆ ಏರಿತ್ತು ಅಂತ ಹೇಳುವುದಿಲ್ವಾ, ಹಾಗೆ. ಮೇಲಿನ ಜಾಗದಲ್ಲಿ ಜೇಡಿ ತೆಳು, ಆಳದಲ್ಲಿ ದಪ್ಪ.

ಇನ್ನೊಂದು ತೊಂದರೆಯೂ ಇದೆ. ಹುಳಿ ನೀರು ಹೊಸದಾಗಿ ಬೀಳುವ ಚಿಪ್ಪನ್ನಷ್ಟೇ ತಿನ್ನಲಿಲ್ಲ, ಆಗಲೇ ಬಿದ್ದು ತಳದಲ್ಲಿ ಕೂತಿದ್ದನ್ನೂ ತಿಂದಿತು. ಅಂದರೆ ಬಿಸಿ ಶುರುವಾದ ಗಳಿಗೆಯ ಪುಟ, ನಮಗೆಲ್ಲ ಅತಿ ಹೆಚ್ಚು ಬೇಕಾದ ಪುಟ, ಇಲ್ಲಿ ಕರಗಿಹೋಗಿದೆ. ಇದನ್ನು ಓದಿ ತಿಳಿದಿದ್ದೆ. ಆದರೆ ಆ ಚೂಪು ಗೆರೆಯ ಮೇಲೆ ಬೆರಳಿಟ್ಟಾಗ (ಕೈಗವಸು ಇತ್ತು, ಗಾಬರಿ ಬೇಡ) ನಾನು ಮುಟ್ಟುತ್ತಿರುವುದು ಒಂದು ದಿನಾಂಕವನ್ನಲ್ಲ, ಹರಿದ ಅಂಚನ್ನು ಅನ್ನಿಸಿತು.

ಹಾಗಾದರೆ ಸುಣ್ಣವೇ ಇಲ್ಲದ ಮಣ್ಣಿನಲ್ಲಿ ನನಗೇನು ಕೆಲಸ? ಹಲ್ಲು. ಮೀನಿನ ಹಲ್ಲು. ಚಿಪ್ಪು ಕರಗಿದರೂ ಹಲ್ಲು ಸುಲಭಕ್ಕೆ ಕರಗುವುದಿಲ್ಲ, ಅದರ ಖನಿಜ ಬೇರೆ. ಸತ್ತ ಮೀನಿನ ಹಲ್ಲು ಕಡಲ ತಳಕ್ಕೆ ಬಿದ್ದ ಮೇಲೆ ಅಲ್ಲಿನ ನೀರಿನಿಂದ ನಿಯೊಡಿಮಿಯಂ ಎಂಬ ಧಾತುವನ್ನು ಹೀರಿಕೊಳ್ಳುತ್ತದೆ. ಒಂದೊಂದು ಸಾಗರದ ನೀರಿನಲ್ಲಿ ಅದರ ಐಸೊಟೋಪುಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ಅನುಪಾತ ಬೇರೆ. ಸುತ್ತಲಿನ ಭೂಮಿಯ ಕಲ್ಲು ಹಳೆಯದಾದರೆ ಒಂದು, ಹೊಸ ಜ್ವಾಲಾಮುಖಿಯದ್ದಾದರೆ ಇನ್ನೊಂದು. ಹಾಗಾಗಿ ಆಳದ ನೀರು ಯಾವ ದಿಕ್ಕಿನಿಂದ ಹರಿದು ಬಂದಿತ್ತು ಎಂದು ಹಲ್ಲು ಹೇಳುತ್ತದೆ. ಆ ಬಿಸಿಯಲ್ಲಿ ಹರಿವು ದಿಕ್ಕು ಬದಲಿಸಿತೇ ಎನ್ನುವುದು ನನ್ನ ಎರಡು ವರ್ಷದ ಪ್ರಶ್ನೆ.

ಉಳಿದ ದಿನಗಳು ಒಂದೇ ತರಹ. ಚಮಚ ಒರೆಸು, ತೆಗೆ, ಚೀಲಕ್ಕೆ ಹಾಕು, ಚೀಟಿ ಅಂಟಿಸು, ತೆಗೆದ ಗುಳಿಯೊಳಗೆ ಫೋಮ್ ತುಂಡು ತುರುಕು. ಫೋಮ್ ತುರುಕದಿದ್ದರೆ ಪಕ್ಕದ ಮಣ್ಣು ಕುಸಿದು, ಆಮೇಲೆ ಬರುವವರು ಬೈಯುತ್ತಾರೆ. ಕಿಟಕಿಯಾಚೆ 146 ಮೀಟರಿನ ಬಿಳಿ ಗೋಪುರ ಕಾಣುತ್ತಿತ್ತು. ಅದರೊಳಗೆ ಮೇಲಿನಿಂದ ವಸ್ತುಗಳನ್ನು ಬೀಳಿಸಿ, ಐದು ಸೆಕೆಂಡಿಗೂ ಕಡಿಮೆ ಹೊತ್ತು ತೂಕವಿಲ್ಲದ ಸ್ಥಿತಿ ಪಡೆಯುತ್ತಾರೆ. ಅವರದ್ದು ಸೆಕೆಂಡಿನ ಲೆಕ್ಕ. ನಮ್ಮದರಲ್ಲಿ ಒಂದು ಸೆಂಟಿಮೀಟರ್ ಆಚೀಚೆಯಾದರೆ ಸಾವಿರ ವರ್ಷ ಹೋಯಿತು.

ಒಂದು ಸಂಜೆ ಮಾತ್ರ ಪೇಟೆಗೆ ಹೋದೆ. ಕತ್ತೆ, ಅದರ ಮೇಲೆ ನಾಯಿ, ಅದರ ಮೇಲೆ ಬೆಕ್ಕು, ತುದಿಯಲ್ಲಿ ಹುಂಜ. ಊರಿನ ಹೆಸರಾಂತ ಕಂಚಿನ ಪ್ರತಿಮೆ. ಜನ ಮುಟ್ಟಿ ಮುಟ್ಟಿ ಕತ್ತೆಯ ಮುಂಗಾಲು ಚಿನ್ನದ ಹಾಗೆ ಹೊಳೆಯುತ್ತದೆ. ತಮಾಷೆ ಎಂದರೆ ಕಥೆಯಲ್ಲಿ ಈ ನಾಲ್ಕೂ ಬ್ರೆಮೆನ್‌ಗೆ ಹೊರಟವೇ ಹೊರತು ತಲುಪಲೇ ಇಲ್ಲ. ದಾರಿಯಲ್ಲಿ ಒಳ್ಳೆ ಮನೆ ಸಿಕ್ಕಿತು, ಅಲ್ಲೇ ಉಳಿದವು. ಪೋಸ್ಟ್‌ಡಾಕ್‌ಗಳು ಪೂಜಿಸಬೇಕಾದ ದೇವರು ಇವೇ ಅನ್ನಿಸಿ ನಾನೂ ಕಾಲು ಮುಟ್ಟಿದೆ.

ಕೊನೆಯ ದಿನ ಸ್ವಲ್ಪ ಹೊತ್ತು ಮಿಕ್ಕಿತ್ತು. ಜೇಡಿಯ ಒಂದು ಮಾದರಿಯಲ್ಲಿ ಚಿಟಿಕೆಯಷ್ಟನ್ನು ಸಣ್ಣ ಜರಡಿಯಲ್ಲಿ ತೊಳೆದೆ. ಕಂದು ನೀರೆಲ್ಲ ಸೋರಿಹೋಯಿತು. ಜರಡಿಯಲ್ಲಿ ಏನೂ ಉಳಿದಿಲ್ಲ ಅನ್ನಿಸಿತು. ಉಳಿದ ಧೂಳನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಒದ್ದೆ ಕುಂಚದ ತುದಿಯಿಂದ ಒಂದೊಂದೇ ಸರಿಸುತ್ತಾ ಹೋದೆ. ಹದಿನೈದು ನಿಮಿಷಕ್ಕೆ ಒಂದು ಸಿಕ್ಕಿತು. ಗುಲಾಬಿ ಮುಳ್ಳಿನ ಆಕಾರ, ಜೇನಿನ ಬಣ್ಣ, ಬೆಳಕು ಒಳಗೆ ಹಾದುಹೋಗುವಷ್ಟು ತಿಳಿ. ತುದಿ ಇನ್ನೂ ಚೂಪಾಗಿತ್ತು.

ರಾತ್ರಿ ಅಮ್ಮ ಫೋನ್ ಮಾಡಿದಳು.

‘ಸಿಕ್ತೇನೇ ಮಣ್ಣು?’

‘ಸಿಕ್ತಮ್ಮ. ಒಂದು ಹಲ್ಲೂ ಸಿಕ್ತು.’

‘ಅಯ್ಯೋ, ಯಾರದ್ದೇ?’