ಲೈಟ್ ಉರಿಯೋ ಕಡೆ ಸೀಟು

ಚಿತ್ರದುರ್ಗದಿಂದ ದಾವಣಗೆರೆಗೆ ಹೆಚ್ಚುಕಮ್ಮಿ 60 ಕಿಲೋಮೀಟರ್. ದೂರವೇನಲ್ಲ. ಆದರೆ ರಾತ್ರಿ ಹತ್ತುವಾಗ ಕಂಡಕ್ಟರ್ ಹತ್ತಿರ ಒಂದು ಮಾತು ಕೇಳಲೇಬೇಕು: "ಊರೊಳಗೆ ಹೋಗುತ್ತಾ?" ಹುಬ್ಬಳ್ಳಿ ಕಡೆಗೆ ಓಡುವ ದೂರದ ಬಸ್ಸುಗಳಲ್ಲಿ ಕೆಲವು ಬೈಪಾಸ್‌ನಲ್ಲೇ ಇಳಿಸಿ ಹೋಗಿಬಿಡುತ್ತವೆ. ಲಾರಿಗಳು ಸುಯ್ ಅಂತ ಹೋಗುವ ಆ ಕತ್ತಲಲ್ಲಿ ಬ್ಯಾಗ್ ಹಿಡಿದು ನಿಲ್ಲುವ ಕಷ್ಟ ಯಾರಿಗೂ ಬೇಡ. ಆವತ್ತು ಕೇಳಿಯೇ ಹತ್ತಿದೆ, ಬಸ್ ಸ್ಟ್ಯಾಂಡಿನಲ್ಲೇ ಇಳಿದೆ.

ಅಲ್ಲಿಂದ ಹದಡಿ ರಸ್ತೆಯ ಕಡೆ ಅತ್ತೆ ಮನೆಗೆ ಸಿಟಿ ಬಸ್. ಹತ್ತುವ ಮೊದಲು ನಂಬರ್ ಪ್ಲೇಟಿನ ಫೋಟೊ ತೆಗೆದು ಅತ್ತೆಯ ಮಗನಿಗೆ ಕಳಿಸಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹಗಲು ಸರ್ಕಾರಿ ಬಸ್ಸಿನಲ್ಲಿ ಹೆಂಗಸರೇ ಜಾಸ್ತಿ. ರಾತ್ರಿ ಒಂಬತ್ತು ದಾಟಿದರೆ ಆ ಲೆಕ್ಕ ಉಲ್ಟಾ. ಆವತ್ತು ನಾನೊಬ್ಬಳೇ ಹೆಂಗಸು.

ಅಭ್ಯಾಸದಂತೆ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತೆ. ಜಾಗ ಸುರಕ್ಷಿತ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಬಸ್ ಹೊರಟ ಕೂಡಲೇ ಡ್ರೈವರ್ ಮುಂದಿನ ಲೈಟು ಆರಿಸಿದರು. ಅವರ ತಪ್ಪೇನಿಲ್ಲ. ಒಳಗೆ ಲೈಟ್ ಉರಿದರೆ ಮುಂದಿನ ಗಾಜಿನಲ್ಲಿ ಸೀಟುಗಳೇ ಕಾಣುತ್ತವೆ, ರಸ್ತೆ ಕಾಣಲ್ಲ. ಆದರೆ ಹೆಂಗಸರ ಸೀಟುಗಳೆಲ್ಲ ಇರುವುದೂ ಆ ಕತ್ತಲಲ್ಲೇ.

ಜಯದೇವ ಸರ್ಕಲ್ ದಾಟುವಾಗ ಹಿಂದಿನಿಂದ ಒಬ್ಬ ಎದ್ದು ಬಂದು ನನ್ನ ಪಕ್ಕವೇ ಕೂತ. ಅಷ್ಟು ಸೀಟು ಖಾಲಿ ಇದ್ದವು. ಬಾಯಿ ತೆರೆಯುವ ಮೊದಲೇ ಎಣ್ಣೆ ವಾಸನೆ ಬಂತು. "ಎಲ್ಲಿ ಇಳೀತೀರಿ ಮೇಡಂ?" ಇಂಥ ಪ್ರಶ್ನೆಗೆ ಉತ್ತರ ಕೊಡಬಾರದು, ಸುಳ್ಳು ಉತ್ತರವನ್ನೂ ಕೊಡಬಾರದು. ಮಾತು ಬೆಳೆಯುತ್ತೆ ಅಷ್ಟೇ. ಎದ್ದು, ಬಾಗಿಲ ಹತ್ತಿರ ಲೈಟಿನ ಕೆಳಗೆ ದುಡ್ಡು ಎಣಿಸುತ್ತಿದ್ದ ಕಂಡಕ್ಟರ್ ಎದುರಿನ ಸೀಟಿಗೆ ಹೋದೆ. ಎಲ್ಲರಿಗೂ ಕೇಳುವ ಹಾಗೆ, "ಅಣ್ಣ, ಅವರು ಹೆಂಗಸರ ಸೀಟಲ್ಲಿ ಬಂದು ಕೂತಿದಾರೆ, ನೋಡಿ" ಅಂದೆ. ಫೋನಿನಲ್ಲಿ 112 ಒತ್ತಿ ಇಟ್ಟುಕೊಂಡಿದ್ದೆ. ಕರೆ ಮಾಡುವ ಪ್ರಸಂಗ ಬರಲಿಲ್ಲ.

ಕಂಡಕ್ಟರ್ ತಲೆ ಎತ್ತಲಿಲ್ಲ. ನೋಟಿನ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ, ಬೆರಳಿಗೆ ಉಗುಳು ಹಚ್ಚಿ ಇನ್ನೊಂದು ಕಟ್ಟು ತೆಗೆಯುತ್ತಾ, "ಏಯ್, ಹಿಂದಕ್ಕೆ ನಡಿಯೋ" ಅಂದರು. ಅವನು ಗೊಣಗುತ್ತಾ ಹೋಗಿ ವಿದ್ಯಾರ್ಥಿ ಭವನದ ಹತ್ತಿರ ಇಳಿದ. ಅವನ ಹಿಂದೆ ಇಳಿಯಬೇಕಾಗಿ ಬರಲಿಲ್ಲ ಅನ್ನುವುದೇ ದೊಡ್ಡ ನೆಮ್ಮದಿ. ನನ್ನ ಸ್ಟಾಪಿಗಿಂತ ಒಂದು ಸ್ಟಾಪ್ ಮುಂದೆ, ಮೆಡಿಕಲ್ ಶಾಪ್ ತೆರೆದಿದ್ದ ಕಡೆ ಇಳಿದೆ. ಅತ್ತೆಯ ಮಗ ಬೈಕ್ ತಂದಿದ್ದ.

"ಆಟೋ ಮಾಡ್ಕೊಂಡು ಬರೋದಲ್ವಾ?" ಅಂತ ಅತ್ತೆ ರೇಗಿದರು. ನನ್ನ ಲೆಕ್ಕ ಬೇರೆ. ಆಟೋದಲ್ಲಿ ಗೊತ್ತಿಲ್ಲದ ಒಬ್ಬನ ಜೊತೆ ನಾನೊಬ್ಬಳೇ. ಬಸ್ಸಿನಲ್ಲಿ ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ಅತ್ತೆ ಒಪ್ಪಲಿಲ್ಲ. ಮುಂದಿನ ಸಲ ಹಗಲಲ್ಲೇ ಬಾ ಅಂದರು.