ಸವಲತ್ತಿಗೆ ನಾಲ್ಕು ಸ್ಟಾರ್, ಅದನ್ನು ಕೇಳುವ ಧೈರ್ಯಕ್ಕೆ ಎರಡು

ವರ್ಷಕ್ಕೊಮ್ಮೆ ಎಚ್‌ಆರ್‌ನವರಿಂದ ಆ ಮೇಲ್ ಬಂದೇ ಬರುತ್ತದೆ. ನಿಮ್ಮ ಅಭಿಪ್ರಾಯ ನಮಗೆ ಮುಖ್ಯ, ಯಾರು ಏನು ಬರೆದರು ಅಂತ ಯಾರಿಗೂ ಗೊತ್ತಾಗಲ್ಲ ಅಂತ. ಲಿಂಕ್ ಒತ್ತಿದರೆ ಮೊದಲು ಕೇಳುವುದೇ ಯಾವ ವಿಭಾಗ, ಎಷ್ಟು ವರ್ಷದ ಸರ್ವೀಸ್, ವಯಸ್ಸೆಷ್ಟು ಅಂತ. ಆರೇಳು ಜನರ ಟೀಮಿನಲ್ಲಿ ಇಷ್ಟು ಹೇಳಿದ ಮೇಲೆ ಹೆಸರೊಂದು ಬರೆಯುವುದು ಬಾಕಿ, ಅಷ್ಟೇ. ಹಾಗಾಗಿ ಸುಮ್ನೆ ಎಲ್ಲದಕ್ಕೂ ನಾಲ್ಕು ಒತ್ತಿ ಮುಗಿಸುವುದು. ಐದು ಕೊಟ್ಟರೆ ಬೆಣ್ಣೆ ಹಚ್ಚಿದ ಹಾಗೆ, ಎರಡು ಕೊಟ್ಟರೆ ಮ್ಯಾನೇಜರ್ ಟೀಮನ್ನೆಲ್ಲ ಕೂರಿಸಿಕೊಂಡು 'ಓಪನ್ ಆಗಿ ಮಾತಾಡೋಣ' ಅಂತಾರೆ.

ಅಮೆರಿಕದ ಸಂಶೋಧನಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ ಲೆಕ್ಕದಲ್ಲಿ ನಮ್ಮಂಥ ಮಿಲೆನಿಯಲ್‌ಗಳು ಅಂದರೆ 1981ರಿಂದ 1996ರೊಳಗೆ ಹುಟ್ಟಿದವರು. ಅಂದರೆ ನಾವೀಗ ಹೊಸ ಹುಡುಗರೇನಲ್ಲ. ತಲೆಯಲ್ಲಿ ಬಿಳಿಕೂದಲು, ಮೈಮೇಲೆ ಸಾಲ, ಒಂದು ಕಡೆ ಮಕ್ಕಳು, ಇನ್ನೊಂದು ಕಡೆ ವಯಸ್ಸಾದ ಅಪ್ಪ ಅಮ್ಮ. ಆದರೂ ನಮಗೇನು ಇಷ್ಟ ಅಂತ ಮಾತು ಬಂದರೆ ಇವತ್ತಿಗೂ ಬೀನ್ ಬ್ಯಾಗ್, ಟೇಬಲ್ ಟೆನಿಸ್ ಫೋಟೋನೇ ಹಾಕ್ತಾರೆ. ಮಧ್ಯಾಹ್ನ ಮೂರು ಗಂಟೆಗೆ ಬಾಸ್ ಎದುರಿಗೇ ಬ್ಯಾಟ್ ಹಿಡಿದು ನಿಲ್ಲುವ ಗಂಡೆದೆ ಯಾರಿಗಿದೆ ಹೇಳಿ!

ನೌಕರರೇ ತಮ್ಮ ಕಂಪನಿಗೆ ಸ್ಟಾರ್ ಕೊಡುವ ಗ್ಲಾಸ್‌ಡೋರ್ ವೆಬ್‌ಸೈಟಿನಲ್ಲಿ ಸಂಬಳ ಮತ್ತು ಸವಲತ್ತಿಗೆ ಒಂದು ಸ್ಟಾರ್ ಸಾಲು, ಕಂಪನಿಯ ಸಂಸ್ಕೃತಿಗೆ ಬೇರೆಯದೇ ಸಾಲು. ನನ್ನ ತಕರಾರು ಇರುವುದೇ ಇಲ್ಲಿ. ಇವೆರಡು ಬೇರೆ ಬೇರೆ ಆಗೋದು ಕಾಗದದ ಮೇಲೆ ಮಾತ್ರ. ಹಿಂದೆ ನನ್ನ ಜೊತೆಗಿದ್ದ ಒಬ್ಬರಿಗೆ ಮಗು ಆಯಿತು. ಅಪ್ಪನಾದವರಿಗೂ ರಜೆ ಉಂಟು ಅಂತ ಪಾಲಿಸಿಯಲ್ಲಿ ದಪ್ಪಕ್ಷರದಲ್ಲೇ ಇತ್ತು. ಕೇಳಲು ಹೋದರೆ ಬಾಸ್ ನಗುತ್ತಾ, "ಯಾಕಪ್ಪಾ, ಹೆರಿಗೆ ಆಗಿದ್ದು ನಿನಗಾ?" ಅಂದರು. ಎಲ್ಲರೂ ನಕ್ಕರು, ರಜೆ ಕೇಳಿದವರೂ ನಕ್ಕರು. ಆಮೇಲೆ ಆಸ್ಪತ್ರೆ ಕಾರಿಡಾರಿನಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಕಾಲ್‌ಗೆ ಸೇರಿಕೊಂಡರು, ಹಿಂದೆ ಯಾರದೋ ಮಗು ಅಳುವ ಸದ್ದಾಗುತ್ತಲೇ ಮ್ಯೂಟ್ ಒತ್ತಿದರು. ಈಗ ಇದಕ್ಕೆ ಎಷ್ಟು ಸ್ಟಾರ್? ರಜೆ ಇದೆಯಾ ಅಂದರೆ ಇದೆ. ನಾಲ್ಕು!

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ಹೇಳಿದ್ದರು. ಸಂಬಳ, ಕಂಪನಿ ನಿಯಮ, ಮೇಲಿನವರ ನಡವಳಿಕೆ ಕೆಟ್ಟರೆ ಜನ ಬೇಸರಪಡುತ್ತಾರೆ, ಆದರೆ ಅವು ಸರಿ ಇದ್ದ ಮಾತ್ರಕ್ಕೆ ಯಾರಿಗೂ ಹುರುಪು ಬರುವುದಿಲ್ಲ. ಹುರುಪು ಬರುವುದು ಮಾಡುವ ಕೆಲಸದಿಂದ, ಸಿಗುವ ಮನ್ನಣೆಯಿಂದ. ಸಮೀಕ್ಷೆ ನಡೆಸುವ ಗ್ಯಾಲಪ್ ಕಂಪನಿಯವರ ಕ್ಯೂ12 ಅಂತ 12 ಪ್ರಶ್ನೆಗಳ ಸರ್ವೆ ಇದೆ, ಅದರಲ್ಲಿ ಸಂಬಳದ ಪ್ರಶ್ನೆಯೇ ಇಲ್ಲ. ಕಳೆದ ಏಳು ದಿನದಲ್ಲಿ ನಿಮ್ಮ ಕೆಲಸವನ್ನು ಯಾರಾದರೂ ಹೊಗಳಿದರಾ ಅಂತ ಕೇಳುತ್ತಾರೆ. ಸಂಬಳ ಬೇಡ ಅಂತಲ್ಲ ಮತ್ತೆ! ಇನ್ಶೂರೆನ್ಸ್‌ನಲ್ಲಿ ಅಪ್ಪ ಅಮ್ಮನನ್ನು ಸೇರಿಸಿಕೊಳ್ಳುವ ಕಂಪನಿ ಸಿಕ್ಕರೆ ನಾನಂತೂ ಎರಡು ಸಲ ಯೋಚಿಸಲ್ಲ.

ಆದರೆ ಕೆಲಸ ಬದಲಿಸುವಾಗ ನಾನೀಗ ಒಟ್ಟು ರೇಟಿಂಗ್ ನೋಡುವುದು ಬಿಟ್ಟಿದ್ದೇನೆ. ಇಂಟರ್‌ವ್ಯೂ ಕೊನೆಗೆ 'ಏನಾದ್ರೂ ಕೇಳೋದಿದೆಯಾ' ಅಂತಾರಲ್ಲ, ಆಗ ಒಂದೇ ಪ್ರಶ್ನೆ ಕೇಳುತ್ತೇನೆ: ನೀವು ಕೊನೆಯ ಸಲ ಒಂದು ವಾರ ಪೂರ್ತಿ ರಜೆ ಹಾಕಿದ್ದು ಯಾವಾಗ? ಕೆಲವರು ತಟ್ಟನೆ ಹೇಳುತ್ತಾರೆ. ಕೆಲವರು ಪಕ್ಕದವರ ಮುಖ ನೋಡುತ್ತಾರೆ.